ಬೈಂಡಿಂಗ್‌ಗೆ ಹೋದ ಪುಸ್ತಕ

ಗ್ರಂಥಪಾಲಕರಿಗೆ ಒಂದು ಕೆಟ್ಟ ಚಾಳಿ ಇತ್ತು. ಪುಸ್ತಕ ಚೆನ್ನಾಗಿದೆ ಎಂದು ಹೇಳಿ ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುವುದು ಅವರ ಹಣೆಯಲ್ಲೇ ಬರೆದಿರಲಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕತೆ ಹೇಳಿ, ಕೇಳಿದವರ ಕಣ್ಣಲ್ಲಿ ನೀರು ತರಿಸಿ, ತಾವೂ ಮೂಗು ಒರೆಸಿಕೊಂಡ ಮೇಲೇ ಅವರಿಗೆ ಸಮಾಧಾನ. ಇಷ್ಟಾದ ಮೇಲೆ ಪುಸ್ತಕವನ್ನು ಯಾರು ಒಯ್ಯುತ್ತಾರೆ?

ಕಿಟಕಿ ಪಕ್ಕದ ಹದಿಹರೆಯದವರ ಕಪಾಟಿಗೆ ಕುತ್ತು ಬಂದದ್ದು ಹೀಗೆ. ತಿಂಗಳ ಕೊನೆಯೊಳಗೆ ಅದರಿಂದ ಇಪ್ಪತ್ತು ಪುಸ್ತಕವಾದರೂ ಓದುಗರ ಕೈಗೆ ಹೋಗದಿದ್ದರೆ ಅಲ್ಲಿ ಪರೀಕ್ಷೆಯ ಗೈಡುಗಳನ್ನು ಇಡಲಾಗುವುದು ಎಂದು ಮೇಲಿನ ಕಚೇರಿಯಿಂದ ಕಾಗದ ಬಂದಿತ್ತು. ತಿಂಗಳ ಕೊನೆ ಎಂದರೆ ಇವತ್ತು. ಹೋಗಿದ್ದ ಪುಸ್ತಕ ಸೊನ್ನೆ.

ಹೋದರೆ ಹೋಗಲಿ ಎನ್ನುವ ಹಾಗಿರಲಿಲ್ಲ. ಅವರ ಮಗಳು ಶಾಲೆ ಬಿಟ್ಟು ಬಂದವಳೇ ಆ ಕಪಾಟಿನ ಬುಡದಲ್ಲಿ ಕಾಲು ಚಾಚಿ ಕೂತು ಓದುತ್ತಿದ್ದಳು. ಹದಿನಾರಕ್ಕೇ ಕಾಯಿಲೆ ಅವಳನ್ನು ಕರೆದುಕೊಂಡು ಹೋಯಿತು. ಮೂರು ವರ್ಷವಾಯಿತು. ಅವಳು ಓದಿದ್ದನ್ನೆಲ್ಲ ಒಂದೊಂದಾಗಿ ಓದಿದ ಅಪ್ಪನಿಗೆ ಆ ಕತೆಗಳನ್ನು ಯಾರಿಗಾದರೂ ಹೇಳದೆ ಇರಲು ಆಗುತ್ತಿರಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಬ್ಬ ತಾಯಿ ಮಗನಿಗೆ ಪುಸ್ತಕ ಕೇಳಿಕೊಂಡು ಬಂದಳು. ಗ್ರಂಥಪಾಲಕರು ಕುಂಟು ಕುದುರೆ ಸಾಕಿದ ಹುಡುಗನ ಕತೆಯನ್ನು ಶುರು ಮಾಡಿ, ಕುದುರೆಯನ್ನು ಸಾಯಿಸಿ, ಹುಡುಗನನ್ನು ದೊಡ್ಡವನನ್ನಾಗಿ ಮಾಡಿಯೇ ನಿಲ್ಲಿಸಿದರು.

"ಎಷ್ಟು ಚೆನ್ನಾಗಿ ಹೇಳಿದ್ರಿ ಸಾರ್," ಎಂದು ಆಕೆ ಕಣ್ಣೊರೆಸಿಕೊಂಡಳು. "ಮನೆಗೆ ಹೋಗಿ ಮಗನಿಗೆ ನಾನೇ ಹೇಳ್ತೀನಿ." ಬರಿಗೈಯಲ್ಲಿ ಹೊರಟುಹೋದಳು.

ಆಮೇಲೆ ಎದುರಿನ ಕ್ಷೌರದಂಗಡಿಯವನು ಅದೇ ಕತೆ ಕೇಳಿ, ಅಂಗಡಿಗೆ ಹೋಗಿ ಗಿರಾಕಿಗಳಿಗೆಲ್ಲ ಹೇಳಿದ. ಹತ್ತೂವರೆಗೆ ಅರ್ಧ ಗಡ್ಡ ಕೆರೆಸಿಕೊಂಡವನೊಬ್ಬ ಬಾಗಿಲಲ್ಲಿ ತಲೆ ಹಾಕಿ, "ಕುದುರೆ ಕತೆ ಆಯ್ತು, ಇನ್ಯಾವ್ದಾದ್ರೂ ಇದ್ರೆ ಹೇಳಿ ಸಾರ್," ಅಂದ.

ಗ್ರಂಥಾಲಯದ ಸಹಾಯಕಿಗೆ ತಡೆಯಲಾಗಲಿಲ್ಲ. "ಸಾರ್, ಕೈ ಮುಗೀತೀನಿ. ಕತೇಲಿ ಬಾಗಿಲು ಬಡಿದ ಸದ್ದಾಯ್ತು ಅನ್ನೋ ಹತ್ರ ನಿಲ್ಸಿಬಿಡಿ. ಬಾಗಿಲು ಮಾತ್ರ ತೆಗೀಬೇಡಿ."

"ಅದು ಮೋಸ ಅಲ್ವೇನಮ್ಮ?"

"ಗೈಡು ಬಂದ್ಮೇಲೆ ಧರ್ಮ ನ್ಯಾಯ ಮಾತಾಡೋಣ."

ಗ್ರಂಥಪಾಲಕರು ತುಟಿ ಕಚ್ಚಿಕೊಂಡು ಕತೆಗಳನ್ನು ನಡುವೆಯೇ ನಿಲ್ಲಿಸತೊಡಗಿದರು. ಹೊಟ್ಟೆಯುಬ್ಬರ ಬಂದವರಂತೆ ಒದ್ದಾಡಿದರೂ ಬಾಗಿಲು ತೆಗೆಯಲಿಲ್ಲ. ಮುಂದೇನಾಯಿತು ಎಂದು ತಿಳಿಯದೆ ಜನ ಪುಸ್ತಕ ಹೊತ್ತುಕೊಂಡು ಹೋದರು. ದಿನವಿಡೀ ಪತ್ರಿಕೆ ಓದುತ್ತಾ ಕೂರುವ ಪೇಪರ್ ತಾತನಿಗೂ ಹುರುಪು ಬಂತು. ಯಾರು ಯಾವ ಪುಸ್ತಕ ಮುಟ್ಟಿದರೂ, "ಅದ್ರಲ್ಲೊಂದು ಕೊಲೆ ಇದೆ ಕಣ್ರೀ," ಅನ್ನತೊಡಗಿದ. ಇಬ್ಬರು ಗೆಳತಿಯರು ಗುಲಾಬಿ ತೋಟ ಮಾಡುವ ಕತೆಯನ್ನೂ ಬಿಡಲಿಲ್ಲ. "ಹೆಣ ಹೂತಿರೋದು ಆ ತೋಟದಲ್ಲೇ."

ನಾಲ್ಕೂವರೆಗೆ ಹತ್ತೊಂಬತ್ತು ಪುಸ್ತಕ ಹೋಗಿ ಕಪಾಟು ಬರಿದಾಯಿತು. ಆ ಕಪಾಟಿನದೇ ಆದ ಇಪ್ಪತ್ತನೆಯದು ಗ್ರಂಥಪಾಲಕರ ಮೇಜಿನ ಡ್ರಾಯರಿನಲ್ಲಿತ್ತು. ದಾಖಲೆ ಪುಸ್ತಕದಲ್ಲಿ ಅದರ ಮುಂದೆ 'ಬೈಂಡಿಂಗ್‌ಗೆ ಹೋಗಿದೆ' ಎಂದು ಮೂರು ವರ್ಷದಿಂದ ಬರೆದಿತ್ತು. ಅಷ್ಟು ದಿನದಲ್ಲಿ ಇಡೀ ಗ್ರಂಥಾಲಯವನ್ನೇ ಬೈಂಡ್ ಮಾಡಿಸಬಹುದಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಗಳು ಓದುತ್ತಿದ್ದ ಪುಸ್ತಕ ಅದು. ನೂರ ಹನ್ನೆರಡನೆಯ ಪುಟದಲ್ಲಿ ಅವಳು ಗುರುತಿಗಿಟ್ಟ ಬಸ್ ಟಿಕೆಟ್ಟು ಹಾಗೇ ಇತ್ತು. ಸಹಾಯಕಿಗೆ ಎಲ್ಲ ಗೊತ್ತಿತ್ತು.

ಐದಕ್ಕೆ ಹತ್ತು ನಿಮಿಷವಿದ್ದಾಗ, ಆ ದಿನಕ್ಕೆಲ್ಲ ಮೊದಲ ಬಾರಿಗೆ, ನಿಜವಾಗಿ ಹದಿಹರೆಯದವಳೊಬ್ಬಳು ಬಂದಳು. ಖಾಲಿ ಕಪಾಟಿನ ಮುಂದೆ ನಿಂತು, "ಏನೂ ಇಲ್ವಾ ಅಂಕಲ್?" ಅಂದಳು.

ಗ್ರಂಥಪಾಲಕರು ಗಡಿಯಾರ ನೋಡಿದರು, ಕಪಾಟು ನೋಡಿದರು. ಆಮೇಲೆ ಡ್ರಾಯರ್ ಎಳೆದರು.

"ಇದು ಚೆನ್ನಾಗಿದ್ಯಾ?"

"ನೂರ ಹನ್ನೆರಡನೇ ಪುಟದವರೆಗೆ ತುಂಬ ಚೆನ್ನಾಗಿದ್ಯಂತೆ."

"ಯಾರು ಅಂದ್ರು?"

"ನನ್ನ ಮಗಳು. ಮುಂದಿಂದು ನಂಗೊತ್ತಿಲ್ಲಮ್ಮ."

ಪುಸ್ತಕದ ಕೊನೆ ಗೊತ್ತಿಲ್ಲ ಎಂದು ಅವರು ಹೇಳಿದ್ದು ಅದೇ ಮೊದಲು. ಟಿಕೆಟ್ಟು ತೆಗೆಯಲೇ ಎಂದು ಒಂದು ಗಳಿಗೆ ಯೋಚಿಸಿ, ತೆಗೆಯದೆ, ಮುದ್ರೆ ಒತ್ತಿ ಕೊಟ್ಟರು. ಹುಡುಗಿ ಹೋದ ಮೇಲೂ ಡ್ರಾಯರ್ ಮುಚ್ಚಲಿಲ್ಲ. ಕಪಾಟಾದರೂ ಉಳಿಯಿತಲ್ಲ ಎಂದುಕೊಂಡರು.

ಐದಕ್ಕೆ ಸರಿಯಾಗಿ ಮೇಲಧಿಕಾರಿ ಬಂದರು. ಹಿಂದೆ ಗೈಡುಗಳ ಕೈಗಾಡಿ. ದಾಖಲೆ ಪುಸ್ತಕದ ಮೇಲೆ ಬೆರಳಾಡಿಸಿ, "ಇಪ್ಪತ್ತಕ್ಕೆ ಇಪ್ಪತ್ತು. ಭೇಷ್," ಎಂದರು. ಆಮೇಲೆ ಕಪಾಟಿನತ್ತ ತಿರುಗಿದರು. "ಇದೇನ್ರೀ, ಖಾಲಿ?"

"ಎಲ್ಲ ಓದೋಕೆ ಹೋಗಿವೆ ಸಾರ್. ಎರಡು ವಾರದಲ್ಲಿ ಬರುತ್ವೆ."

"ಖಾಲಿ ಕಪಾಟು ಇಟ್ಕೋಬಾರ್ದು ಅಂತ ನಿಯಮ ಇದೆ. ಗೈಡು ಜೋಡ್ಸಿ. ಅವು ವಾಪಸ್ ಬಂದ್ರೆ ಗಂಟು ಕಟ್ಟಿ ಉಗ್ರಾಣಕ್ಕೆ ಹಾಕಿ." ಸಹಿ ಹಾಕುತ್ತಾ ದನಿ ತಗ್ಗಿಸಿದರು. "ಇಪ್ಪತ್ತು ಅನ್ನೋದು ಒಂದು ಮಾತಿಗೆ ಕಣ್ರೀ. ಹತ್ತೊಂಬತ್ತು ಹೋಗಿ ಒಂದೇ ಒಂದು ಇಲ್ಲಿ ಕೂತಿದ್ರೂ, ಕಪಾಟು ಬಳಕೆಯಲ್ಲಿದೆ ಅಂತ ಬರೆದು ಹೋಗ್ತಿದ್ದೆ."

ಸಹಾಯಕಿ ಕುರ್ಚಿ ತಳ್ಳಿ ಎದ್ದಳು. "ಸಾರ್, ಆ ಹುಡುಗಿ ಬಸ್ ಸ್ಟಾಪಲ್ಲೇ ಇರ್ತಾಳೆ. ಓಡಿಹೋಗಿ ಇಸ್ಕೊಂಡು ಬರ್ತೀನಿ."

ಗ್ರಂಥಪಾಲಕರು ಕೈಗಾಡಿಯಿಂದ ಗೈಡುಗಳ ಮೊದಲ ಕಟ್ಟನ್ನು ಎತ್ತಿಕೊಂಡಿದ್ದರು.

"ಬೇಡಮ್ಮ," ಅಂದರು. "ಅವಳಾದ್ರೂ ಓದಿ ಮುಗಿಸ್ಲಿ."