ಕಮ್ಮಾರ ಎಬ್ನರ್ ಊರು ಬಿಡಲು ಹೊರಟ ದಿನ

ಬೆಳಿಗ್ಗೆ ಗಾಳ ಹಿಡಿದು ನದಿಗಿಳಿದ ಕಮ್ಮಾರ ಎಬ್ನರ್ ಸ್ಕಲಿಗೆ, ತಾನು ದಿನಾ ಕೂರುವ ಬಂಡೆಯ ಮೇಲೆ ಪಕ್ಕದ ಮನೆಯ ಪ್ರುಡೆನ್ಸಮ್ಮನ ಒಳಲಂಗ ಒಣಗುತ್ತಿರುವುದು ಕಂಡಿತು. ಪಕ್ಕದಲ್ಲೇ ಆಕೆಯ ಗಂಡನ ಚಡ್ಡಿ, ಮಕ್ಕಳ ಅಂಗಿ, ಅತ್ತೆಯ ಟೋಪಿ. ಇಡೀ ಸಂಸಾರವೇ ಬಂಡೆ ಹತ್ತಿ ಮಲಗಿದಂತಿತ್ತು.

"ಸ್ವಲ್ಪ ಆ ಕಡೆ ಸರೀರಿ ಎಬ್ನರಣ್ಣ, ಬಟ್ಟೆ ಮೇಲೆ ನಿಮ್ಮ ನೆರಳು ಬೀಳ್ತಿದೆ," ಎಂದಳು ಪ್ರುಡೆನ್ಸಮ್ಮ, ಕಂಬಳಿ ಹಿಂಡುತ್ತಾ.

ಎಬ್ನರ್ ಗಾಳ ಸುತ್ತಿಕೊಂಡು ನೇರ ಮನೆಗೆ ಬಂದು ಹೆಂಡತಿಗೆ ಹೇಳಿದ, "ತಿರ್ಜಾ, ಪಾತ್ರೆ ಪಗಡ ಕಟ್ಟು. ಈ ಊರು ಸಾಕು."

ಮಿಸೌರಿ ನದಿಯ ಆ ತಿರುವಿಗೆ ಮೊದಲು ಬಂದವನು ಅವನೇ. ಜನರ ಗದ್ದಲ ತಾಳಲಾರದೆ, ಕಬ್ಬಿಣ ಬಡಿಯುವ ಅಡಿಗಲ್ಲನ್ನು ಎತ್ತಿನ ಗಾಡಿಗೇರಿಸಿಕೊಂಡು, ಹೆಂಡತಿಯೊಡನೆ ಬಂದು ಕಾಡಿನ ಅಂಚಿನಲ್ಲಿ ಕುಲುಮೆ ಹೂಡಿದ್ದ. ಆದರೆ ಕಮ್ಮಾರನಿಗೆ ಏಕಾಂತ ಎಲ್ಲಿಂದ ಬರಬೇಕು? ಪಶ್ಚಿಮಕ್ಕೆ ಹೊರಟವರು ಚಕ್ರದ ಪಟ್ಟಿ ಬಿಗಿಸಿಕೊಳ್ಳಲು ನಿಲ್ಲುತ್ತಿದ್ದರು. ಪಟ್ಟಿ ಬಿಗಿಯುವಷ್ಟರಲ್ಲಿ ಹೆಂಗಸರು ಒಲೆ ಹೂಡಿರುತ್ತಿದ್ದರು. ಒಲೆ ಆರುವಷ್ಟರಲ್ಲಿ ಗಂಡಸರು ಮನೆ ಕಟ್ಟಲು ಮರ ಕಡಿಯುತ್ತಿದ್ದರು. ಎಬ್ನರನಿಗೋ ಒಲ್ಲೆ ಎನ್ನಲು ಬಾರದು. ಅವರ ಬಾಗಿಲ ಬಿಜಾಗರಿ, ನೇಗಿಲ ಗುಳ, ಕೊನೆಗೆ ಚರ್ಚಿನ ಗಂಟೆಯ ನಾಲಿಗೆಯನ್ನೂ ಬಡಿದುಕೊಟ್ಟ. ಈಗ ಅದೇ ನಾಲಿಗೆ ಅವನ ಭಾನುವಾರದ ನಿದ್ದೆ ಕೆಡಿಸುತ್ತಿತ್ತು.

"ಯಾರಿಗೂ ಹೇಳದೆ ಹೋಗೋಕೆ ನಾವೇನು ಕಳ್ಳರೇನ್ರೀ?" ಎಂದಳು ತಿರ್ಜಾ.

"ಹೇಳಿದ್ರೆ ಬಿಡ್ತಾರೇನೇ?"

ಇಬ್ಬರೂ ಸೇರಿ ಅಡಿಗಲ್ಲನ್ನು ಗಾಡಿಗೇರಿಸುವ ಹೊತ್ತಿಗೆ ಸರಿಯಾಗಿ ಅಂಬಿಗ ಆಸಾ ಬಂದ. ಆಸಾನ ದೋಣಿ ಒಂದು ದಡದಿಂದ ಇನ್ನೊಂದು ದಡ ಸೇರುವಷ್ಟರಲ್ಲಿ ಅವನು ಹೇಳಿದ ಸುದ್ದಿ ಮೂರು ಊರು ಸುತ್ತಿ ಬಂದಿರುತ್ತಿತ್ತು.

"ಏನೋ ಎಬ್ನರಣ್ಣ, ಅಡಿಗಲ್ಲಿಗೆ ಸವಾರಿ ಹೊರಡಿಸಿದೀಯಾ?"

ಎಬ್ನರ್ ತಡವರಿಸಿದ. "ಅದೂ... ನದಿ ಮೇಲ್ಗಡೆ ಒಂದು ಜಾಗ ನೋಡಿದೀನಿ ಕಣೋ."

ಅಷ್ಟೇ ಸಾಕಾಯಿತು. ಮೇಲ್ಗಡೆ ಒಳ್ಳೇ ಜಾಗವಿದೆ ಎಂದ ಆಸಾ. ಅದು ಗಿರಣಿ ತಲುಪುವಷ್ಟರಲ್ಲಿ ಕಪ್ಪು ಮಣ್ಣಾಯಿತು, ಚರ್ಚಿನ ಬಳಿ ಪುಕ್ಕಟೆ ಉಪ್ಪು ಸಿಗುವ ಬುಗ್ಗೆಯಾಯಿತು. ಪ್ರುಡೆನ್ಸಮ್ಮನ ಬಾಯಿಗೆ ಬರುವಷ್ಟರಲ್ಲಿ ಈ ಊರೇ ನೀರುಪಾಲಾಗುವುದಿತ್ತು. "ಇಲ್ದಿದ್ರೆ ಎಬ್ನರಣ್ಣನಂಥ ಎಬ್ನರಣ್ಣ ಹೊರಡ್ತಿದ್ರಾ? ಏನೋ ಗೊತ್ತಾಗಿದೆ ಅವರಿಗೆ!"

ಸ್ವಲ್ಪ ಹೊತ್ತಿಗೆ ಕುಲುಮೆಯ ಮುಂದೆ ಗಾಡಿಗಳ ಸಾಲು ನಿಂತಿತು. ಹಾಸಿಗೆ, ಕೋಳಿಗೂಡು, ಅಜ್ಜಿಯಂದಿರು, ಎಲ್ಲ ಗಾಡಿಯ ಮೇಲೆ.

"ನಾವೂ ಬರ್ತೀವಿ. ಈ ಚಕ್ರ ಒಂದು ನೋಡಿಬಿಡಿ."

"ಕುದುರೆಗೆ ಲಾಳ ಹೊಡೀಬೇಕಿತ್ತಣ್ಣ."

"ಅಯ್ಯೋ, ನೀವ್ಯಾಕ್ರಪ್ಪಾ ಬರ್ತೀರಿ?" ಎಂದು ಎಬ್ನರ್ ತಲೆ ಮೇಲೆ ಕೈಹೊತ್ತ.

"ನೀವಿಲ್ದೆ ಇಲ್ಲೇನಿದೆ?" ಎಂದಳು ಪ್ರುಡೆನ್ಸಮ್ಮ. "ಚಕ್ರದ ಕಡಾಣಿ ಮುರಿದ್ರೆ ಯಾರ ಹತ್ರ ಹೋಗಿ ಅಳೋದು?"

ಆಗ ಎಬ್ನರನ ಮುಖದಲ್ಲಿ ಬೆಳಕು ಹರಿಯಿತು. ತಿರ್ಜಾಳನ್ನು ಹಿತ್ತಿಲಿಗೆ ಎಳೆದೊಯ್ದ. "ಎಂಥ ದಡ್ಡ ನಾನು! ನಾವ್ಯಾಕೆ ಹೋಗ್ಬೇಕು? ಅವರೇ ಹೋಗ್ತಿದಾರಲ್ಲ! ಇಳಿಸು ಅಡಿಗಲ್ಲು!"

"ಪಾಪ ಅನ್ಸಲ್ವೇನ್ರೀ ನಿಮಗೆ?"

"ಅನ್ಸತ್ತೆ. ಅದಕ್ಕೇ ಚಕ್ರ ಗಟ್ಟಿಯಾಗಿ ಮಾಡಿಕೊಡ್ತೀನಿ."

ಅಷ್ಟು ಶ್ರದ್ಧೆಯಿಂದ ಅವನು ಎಂದೂ ದುಡಿದಿರಲಿಲ್ಲ. ಕುಲುಮೆಯ ತಿದಿ ಉಬ್ಬಸ ಬಂದಂತೆ ಏದುಸಿರು ಬಿಟ್ಟಿತು. ಪಟ್ಟಿ ಬಿಗಿದ, ಲಾಳ ಹೊಡೆದ, ಕೇಳದವರಿಗೂ ಒಂದೊಂದು ಕಡಾಣಿ ಹೆಚ್ಚಿಗೆ ಕೊಟ್ಟ. ಯಾರೂ ವಾಪಸು ಬರುವಂತಾಗಬಾರದಲ್ಲ!

"ನೀವು ಮುಂದೆ ಹೋಗ್ತಿರಿ. ನಮ್ಮೆತ್ತು ನಿಧಾನ, ಹಿಂದೇನೇ ಬರ್ತೀವಿ," ಎಂದ ಕೊನೆಗೆ. ಹಾಗೆನ್ನುವಾಗ ಅವನ ಕಿವಿ ಕಾದ ಕಬ್ಬಿಣದಂತೆ ಕೆಂಪಾಗಿತ್ತು. ಪ್ರುಡೆನ್ಸಮ್ಮ ಹೋಗುತ್ತಾ ಹೋಗುತ್ತಾ ದಾರಿಗೆಂದು ಒಂದು ಸೇಬಿನ ಕಡುಬು ಕೊಟ್ಟುಹೋದಳು.

ಮಧ್ಯಾಹ್ನದ ಹೊತ್ತಿಗೆ ಊರು ಖಾಲಿ. ನದಿ ಹರಿಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಎಬ್ನರ್ ಹುಲ್ಲಿನ ಮೇಲೆ ಕಾಲು ಚಾಚಿ ಇಡೀ ಕಡುಬು ತಿಂದ.

"ಕೇಳಿಸ್ತಾ ತಿರ್ಜಾ?"

"ಏನು?"

"ಏನೂ ಇಲ್ಲ. ಅದೇ!" ಎಂದು ಟೋಪಿಯನ್ನು ಮುಖದ ಮೇಲೆಳೆದುಕೊಂಡು ಮಗುವಿನಂತೆ ನಿದ್ದೆಹೋದ.

ಸೂರ್ಯ ಮುಳುಗುವ ಹೊತ್ತಿಗೆ ಯಾರೋ ಕಿರುಚಿದ ಸದ್ದಿಗೆ ಬೆಚ್ಚಿ ಕಣ್ಣುಬಿಟ್ಟ. ಆಸಾ ಹಗ್ಗ, ಹಾರೆ ಹಿಡಿದು ಎದುರಿಗೆ ನಿಂತಿದ್ದ. ಪಕ್ಕದಲ್ಲಿ ಪ್ರುಡೆನ್ಸಮ್ಮ, ಕೈಯಲ್ಲಿ ಔಷಧದ ಸೀಸೆ.

"ಉಸಿರಾಡ್ತಿದಾರೆ! ಬದುಕಿದಾರೆ!" ಎಂದು ಆಕೆ ಗೊಳೋ ಎಂದು ಅತ್ತಳು.

"ಹಳ್ಳದ ಹತ್ರ ಕಾದ್ವಿ, ಕಾದ್ವಿ, ನೀನು ಬರಲೇ ಇಲ್ಲ," ಎಂದ ಆಸಾ ಮೂಗೊರೆಸಿಕೊಳ್ಳುತ್ತಾ. "ಗಾಡಿ ಮಗುಚಿ, ಅಡಿಗಲ್ಲು ನಿನ್ನ ಎದೆ ಮೇಲೆ ಬಿತ್ತು ಅಂತ ಎಲ್ಲರಿಗೂ ಖಾತ್ರಿ ಆಗೋಯ್ತು. ಒಬ್ಬನ್ನೇ ಬಿಟ್ಟುಹೋಗೋಕಾಗತ್ತೇನಣ್ಣ? ಓಡಿಸ್ಕೊಂಡು ಬಂದ್ವಿ. ಎಲ್ಲರ ಚಕ್ರಾನೂ ಸಡಿಲ ಆಗಿದೆ ನೋಡು."

ಎಬ್ನರ್ ಎದ್ದು ಕೂತ. ಊರವರ ಗಾಡಿಗಳ ಹಿಂದೆ, ಗುಡ್ಡದ ತನಕ, ಅವನೆಂದೂ ಕಾಣದ ಗಾಡಿಗಳು.

"ಇವರ್ಯಾರೋ?"

"ಪಶ್ಚಿಮಕ್ಕೆ, ಆರೆಗಾನಿಗೆ ಹೊರಟೋರು. ಅಡಿಗಲ್ಲೆತ್ತೋಕೆ ಕೈ ಬೇಕಲ್ಲ ಅಂತ ಕರ್ಕೊಂಡು ಬಂದ್ವಿ. ಒಳ್ಳೇ ಜನ."

ಒಳ್ಳೇ ಜನದ ಹೆಂಗಸರು ಆಗಲೇ ಒಲೆ ಹೂಡುತ್ತಿದ್ದರು. ಗಂಡಸೊಬ್ಬ ಕೊಡಲಿ ಹಿಡಿದು ಓಕ್ ಮರವನ್ನು ಮೇಲಿಂದ ಕೆಳಗೆ ನೋಡುತ್ತಿದ್ದ.

"ಮೇಲ್ಗಡೆ ಜಾಗ ಹೋಗಿ ನೋಡ್ಬಹುದಿತ್ತಲ್ಲೋ," ಎಂದ ಎಬ್ನರ್, ಕೊನೆಯ ಆಸೆಯಿಂದ.

"ಇವರು ಅಲ್ಲಿಂದಾನೇ ಬಂದಿದ್ದು. ಅಲ್ಲಿ ಬರೀ ನಿಶ್ಶಬ್ದವಂತೆ ಕಣಣ್ಣ. ಮನುಷ್ಯರು ಬದುಕೋ ಜಾಗಾನೇ ಅಲ್ವಂತೆ." ಆಸಾ ಟೋಪಿ ತೆಗೆದು ಎದೆಗೊತ್ತಿಕೊಂಡ. "ಇನ್ನೊಂದು ವಿಷಯ. ನೀನು ಸತ್ತೇಹೋದೆ ಅಂದ್ಕೊಂಡು, ದಾರೀಲಿ ಅತ್ಕೊಂಡೇ ಊರಿಗೆ ನಿನ್ನ ಹೆಸರಿಟ್ವಿ. ಎಲ್ಲರೂ ಕೈಯೆತ್ತಿ ಒಪ್ಪಿದಾರೆ, ಈಗ ಬದಲಾಯ್ಸೋಕಾಗಲ್ಲ."

"ಏನಂತ?"

"ಸ್ಕಲಿ ವಿಶ್ರಾಂತಿ."

ಎಬ್ನರ್ ಟೋಪಿಯನ್ನು ಮತ್ತೆ ಮುಖದ ಮೇಲೆಳೆದುಕೊಂಡ. ಅಷ್ಟರಲ್ಲಿ ತಿರ್ಜಾ ಒಳಗಿನಿಂದ ಸುತ್ತಿಗೆ ತಂದು ಅವನ ಕೈಗಿಟ್ಟಳು.

"ಏಳಿ ಮತ್ತೆ," ಎಂದಳು ನಗು ತಡೆಯುತ್ತಾ. "ವಿಶ್ರಾಂತಿ ಶುರುವಾಯ್ತು."