ಅವ್ವ ಸವರಿದ ಹೈಡ್ರೇಂಜಿಯಾ

ಸಸ್ಯಶಾಸ್ತ್ರ ಪಾಠ ಹೇಳುವವನ ಮನೆಯಲ್ಲಿ ಒಂದು ಗಿಡ ಒಣಗಿದರೂ ಅದು ಓಣಿಗೆಲ್ಲ ಸುದ್ದಿ. ಗಣಿತದ ಮೇಷ್ಟ್ರು ಸಂತೆಯಲ್ಲಿ ಲೆಕ್ಕ ತಪ್ಪಿದರೆ ಯಾರೂ ಕೇಳುವುದಿಲ್ಲ. ಕನ್ನಡದ ಮೇಷ್ಟ್ರು ಹೆಂಡತಿಯ ಮುಂದೆ ತೊದಲಿದರೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಗಿಡಗಳು ಮಾತ್ರ ಹೋಗಿಬರುವವರಿಗೆಲ್ಲ ಕಾಂಪೌಂಡಿನ ಮೇಲಿಂದ ಕಾಣುತ್ತವೆ. ಕೊಟ್ಟೂರಿನ ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬೇರು, ಕಾಂಡ, ಎಲೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದೇನೆ. ಸೀಮೆಸುಣ್ಣದ ಗಿಡಗಳು ನನ್ನ ಕೈಯಲ್ಲಿ ಬಹಳ ಚೆನ್ನಾಗಿ ಬರುತ್ತವೆ. ಮಣ್ಣಿನ ಗಿಡಗಳ ವಿಷಯದಲ್ಲಿ ನನ್ನ ಕೈಗುಣ ಅಷ್ಟಕ್ಕಷ್ಟೇ ಎಂಬುದನ್ನು ಇವತ್ತು ಒಪ್ಪಿಕೊಂಡುಬಿಡುತ್ತೇನೆ.

ಎರಡು ವರ್ಷದ ಹಿಂದೆ ದಾವಣಗೆರೆಗೆ ಮದುವೆಗೆಂದು ಹೋದವನು ದಾರಿಯಲ್ಲಿ ಒಂದು ನರ್ಸರಿಯ ಮುಂದೆ ನಿಂತುಬಿಟ್ಟೆ. ಮೊಣಕಾಲಿಗೂ ಬಾರದ ಕುಳ್ಳ ಗಿಡ, ಅದರ ಮೇಲೆ ಮುಖದಗಲ ನೀಲಿ ಹೂಗೊಂಚಲು. ಹೈಡ್ರೇಂಜಿಯಾ. ಪುಸ್ತಕದಲ್ಲಿ ನೋಡಿದ್ದೆ, ಎದುರಿಗೆ ಕಂಡದ್ದು ಅದೇ ಮೊದಲು. "ಇದು ಗಿಡ್ಡ ಜಾತಿ ಸಾರ್, ಕುಂಡದಾಗೇ ಇರ್ತತಿ. ಒಂದು ಸಲ ಹೂ ಬಿಟ್ಟು ಸುಮ್ನಾಗಲ್ಲ, ತಿರುಗಾ ತಿರುಗಾ ಬಿಡ್ತತಿ. ಬೆಳಿಗ್ಗೆ ಬಿಸ್ಲು, ಮಧ್ಯಾಹ್ನ ನೆರಳು, ಬೇರು ಒಣಗಬಾರ್ದು, ಇಷ್ಟೇ" ಎಂದ ನರ್ಸರಿಯವನು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹರಪನಹಳ್ಳಿ ದಾಟುವವರೆಗೂ ಕಿಟಕಿಗೆ ಕೈ ಅಡ್ಡ ಹಿಡಿದು ಗಾಳಿ ತಡೆದೆ. ನಮ್ಮ ಮಕ್ಕಳನ್ನು ಆಸ್ಪತ್ರೆಯಿಂದ ತರುವಾಗಲೂ ಇಷ್ಟು ಜೋಪಾನ ಮಾಡಿರಲಿಲ್ಲ ಎಂದು ಹೆಂಡತಿ ಶಾರದಾ ಈಗಲೂ ಅನ್ನುತ್ತಾಳೆ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು. ಹಡಗಲಿ ಹತ್ತಿರದ ನಮ್ಮ ಊರಿನಲ್ಲಿ ನಲವತ್ತು ವರ್ಷ ಮಲ್ಲಿಗೆ ತೋಟ ನೋಡಿಕೊಂಡವಳು ಅವಳು. ಆ ತೋಟ ನನ್ನ ತಮ್ಮನ ಪಾಲಿಗೆ ಬಂದು, ಅವನು ಮಲ್ಲಿಗೆ ಕಿತ್ತು ಮೆಕ್ಕೆಜೋಳ ಹಾಕಿದ ಮೇಲೆ ನಮ್ಮ ಜೊತೆಗಿದ್ದಾಳೆ. ಗೊಂಚಲಿಗೆ ಮೂಗು ಹಚ್ಚಿ ನೋಡಿ, "ಕೊಟ್ರೇಶಿ, ಇದಕ್ಕ ವಾಸನಿನ ಇಲ್ಲಲ್ಲೋ" ಎಂದಳು.

"ಇಲ್ಲವ್ವ, ಬರೇ ನೋಡಾಕ."

"ನೋಡಾಕಾದ್ರ ಹೂಕೋಸು ಸಾಕಿತ್ತಲ್ಲ. ನೋಡಿದ ಮ್ಯಾಲ ಪಲ್ಯಾನೂ ಆಗ್ತಿತ್ತು."

ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಹೂಕೋಸು. ಅವ್ವನನ್ನು ದೂರಿ ಪ್ರಯೋಜನವಿಲ್ಲ. ವಾಸನೆಯಿಲ್ಲದ್ದೂ ಹೂವೇ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹುಡುಗನಾಗಿದ್ದಾಗ ಬೆಳಕು ಹರಿಯುವ ಮೊದಲೇ ಎಲ್ಲರೂ ತೋಟದಲ್ಲಿರಬೇಕಿತ್ತು. ಅವ್ವ ಎರಡೂ ಕೈಯಲ್ಲಿ ಮೊಗ್ಗು ಬಿಡಿಸುತ್ತ, ಬಾಯಲ್ಲಿ ನಮ್ಮನ್ನು ಬೈಯುತ್ತ, ಎರಡರಲ್ಲೂ ಒಂದೇ ವೇಗ ಕಾಯ್ದುಕೊಂಡು ಸಾಲು ಮುಗಿಸುತ್ತಿದ್ದಳು. ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೊದಲ ಬಸ್ಸಿಗೆ ಏರಿಸಿ, ಅದೇ ಅಂಗಿಯಲ್ಲಿ ನಾನು ಶಾಲೆಗೆ ಓಡುತ್ತಿದ್ದೆ. ನನ್ನ ಅಂಗಿ, ಪಾಟಿಚೀಲ, ಬುತ್ತಿಯ ರೊಟ್ಟಿ, ಎಲ್ಲಕ್ಕೂ ಮಲ್ಲಿಗೆಯ ವಾಸನೆ. ಹುಡುಗರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನಾನು ಅವಮಾನದಿಂದ ಹಳ್ಳದ ನೀರಿನಲ್ಲಿ ಅಂಗಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ತೊಳೆಯುತ್ತಿದ್ದೆ. ಇವತ್ತು ಆ ವಾಸನೆಯ ಒಂದು ಅಂಗಿ ಸಿಕ್ಕರೆ ತೊಳೆಯದೆ ಮಡಚಿ ಟ್ರಂಕಿನಲ್ಲಿಟ್ಟುಕೊಳ್ಳುತ್ತೇನೆ.

ಇರಲಿ, ಹೂಕೋಸಿಗೆ ಬರುತ್ತೇನೆ. ಹಿತ್ತಲಲ್ಲಿ ಮಧ್ಯಾಹ್ನದ ಹೊತ್ತಿಗೆ ಕರಿಬೇವಿನ ನೆರಳು ಬೀಳುವ ಜಾಗದಲ್ಲಿ ಕುಂಡ ಇಟ್ಟೆ. ಬೇಸಿಗೆಯಲ್ಲಿ ಅದು ದಿನಾ ಮಧ್ಯಾಹ್ನ ಎಲೆ ಜೋಲು ಹಾಕುತ್ತಿತ್ತು. ನಾನು ಗಾಬರಿಯಾಗಿ ಕೊಡ ತಂದು ಸುರಿಯುತ್ತಿದ್ದೆ. ಅವ್ವ ಮಣ್ಣಿಗೆ ಬೆರಳಿಟ್ಟು, "ಹಸಿ ಐತಲ್ಲೋ, ಬಿಸಿಲಿಗೆ ತಲಿ ಬಗ್ಗಿಸೈತಿ ಅಷ್ಟ. ಸಂಜಿಗೆ ತಾನ ಏಳ್ತೈತಿ, ಮುಳುಗಿಸಿ ಕೊಲ್ಲಬ್ಯಾಡ" ಎಂದಳು. ಸಂಜೆಗೆ ಎದ್ದು ನಿಂತಿತು. ಎರಡನೆಯ ಸಲ ಹೂ ಬಂದಾಗ ನೀಲಿ ಹೋಗಿ ಗುಲಾಬಿಯಾಗಿತ್ತು. ನಮ್ಮ ಬೋರಿನ ಸವಳು ನೀರು ಕುಡಿದು ಮಣ್ಣಿನ ಹುಳಿ ಇಳಿದರೆ ಬಣ್ಣ ತಿರುಗುತ್ತದೆಂದು ಅವ್ವನಿಗೆ ಅರ್ಧ ತಾಸು ಪಾಠ ಹೇಳಿದೆ. ಎಲ್ಲ ಕೇಳಿಕೊಂಡು, "ಅಂದ್ರ ತನ್ನ ಬಣ್ಣ ಯಾವುದು ಅಂತ ಅದಕ್ಕ ನೆನಪಿಲ್ಲ" ಎಂದಳು. ತರಗತಿಯಲ್ಲಿ ಯಾರೂ ಇಷ್ಟು ಚುಟುಕಾಗಿ ಉತ್ತರ ಬರೆದಿಲ್ಲ.

ಅನಾಹುತವಾದದ್ದು ಹೋದ ಚಳಿಗಾಲದಲ್ಲಿ. ನಾನು ಒಂದು ವಾರದ ತರಬೇತಿಗೆಂದು ಬಳ್ಳಾರಿಗೆ ಹೋಗಿದ್ದೆ. ಬಂದು ನೋಡಿದರೆ ಕುಂಡದಲ್ಲಿ ಗೇಣುದ್ದದ ನಾಲ್ಕು ಬೋಳು ಕಡ್ಡಿ. ಒಂದೂ ಎಲೆಯಿಲ್ಲ, ಮಣ್ಣು ಬಿರುಕು ಬಿಟ್ಟಿದೆ. ಮಲ್ಲಿಗೆಗೆ ಚಳಿಯಲ್ಲಿ ನೀರು ನಿಲ್ಲಿಸಿ, ಗಿಡ ಸವರಿ, ಎಲೆ ಉದುರಿಸುವುದು ನಮ್ಮ ಕಡೆಯ ಪದ್ಧತಿ. ಅವ್ವ ಅದನ್ನೇ ಚಾಚೂ ತಪ್ಪದೆ ಮಾಡಿದ್ದಳು. "ನೋಡ್ತಿರು, ಬ್ಯಾಸಿಗ್ಯಾಗ ಮೈತುಂಬ ಮೊಗ್ಗು ಹಿಡಿತೈತಿ" ಎಂದು ಸಂಭ್ರಮದಿಂದ ತೋರಿಸಿದಳು.

ನಾನು ಕೂಗಾಡಿದೆ. "ಇದು ನಿನ್ನ ಮಲ್ಲಿಗಿ ಅಲ್ಲವ್ವ! ಇದರ ಮೊಗ್ಗು ಹಳೇ ಕಡ್ಡ್ಯಾಗ ಇರ್ತಾವ. ಗೊತ್ತಿಲ್ಲಂದ್ರ ಗಿಡ ಮುಟ್ಟಾಕ ಹೋಗಬಾರದು" ಎಂದುಬಿಟ್ಟೆ. ಅವ್ವ ಕುಡುಗೋಲು ತೊಳೆದು, ಸೆರಗಿನಿಂದ ಒರೆಸಿ, ಬಾಗಿಲ ಹಿಂದೆ ಇಟ್ಟಳು. ಮರುದಿನದಿಂದ ಹಿತ್ತಲಿಗೆ ಬರುವುದನ್ನೇ ಬಿಟ್ಟಳು. ತುಳಸಿಗೂ ಶಾರದಾಳೇ ನೀರು ಹಾಕುವಂತಾಯಿತು.

ನನಗೆ ನಾಚಿಕೆಯಾಯಿತು. ಆದರೆ ನಮ್ಮ ಕಡೆ ಮಗ ತಾಯಿಗೆ ಕ್ಷಮಿಸು ಎಂದರೆ, ಇವನಿಗೆ ಎಲ್ಲಿಯದೋ ಗಾಳಿ ತಾಗಿದೆ ಎಂದು ನಿಂಬೆಹಣ್ಣು ಇಳಿಸುತ್ತಾರೆ. ಆದ್ದರಿಂದ "ಊಟ ಆತೇನವ್ವ?" ಎಂದು ದಿನಕ್ಕೆ ಐದಾರು ಸಲ ಕೇಳಿದೆ. "ಆತಪ್ಪ" ಎನ್ನುತ್ತಿದ್ದಳು. ಇನ್ನೊಂದು ನಾಚಿಕೆಯೂ ಇತ್ತು. ತಿರುಗಿ ತಿರುಗಿ ಹೂ ಬಿಡುವ ಈ ಜಾತಿ ಹೊಸ ಚಿಗುರಿನ ತುದಿಯಲ್ಲೂ ಮೊಗ್ಗು ಕಟ್ಟುತ್ತದೆ ಎಂಬುದು ನನಗೆ ನೆನಪಾದದ್ದು ಕೂಗಾಡಿ ಮುಗಿಸಿದ ಮೇಲೆ. ಗಿಡ ಬರಿದೇ ನಿಂತರೆ, ತನ್ನ ಕೈಗೆ ಇನ್ನು ಗಿಡ ಒಗ್ಗುವುದಿಲ್ಲವೆಂದು ಅವ್ವ ನಂಬಿಬಿಡುತ್ತಾಳೆ. ತೋಟ ಹೋದ ಮೇಲೆ ಅವಳಿಗೆ ಉಳಿದದ್ದು ಆ ಕೈ ಒಂದೇ. ಹಾಗಾಗಿ ಬುಡಕ್ಕೆ ಶೇಂಗಾ ಸಿಪ್ಪೆ ಹಾಸಿದೆ, ಹಳೆಯ ಸೀರೆ ಕಟ್ಟಿ ನೆರಳು ಮಾಡಿದೆ, ಬೆಳಿಗ್ಗೆ ಮಾತ್ರ ನೀರು ಹಾಕಿದೆ. ನನ್ನ ಮಾತು ಸುಳ್ಳಾಗಲಪ್ಪಾ ಎಂದು ದೇವರಿಗೆ ಕೈಮುಗಿದ ಸಸ್ಯಶಾಸ್ತ್ರದ ಮೇಷ್ಟ್ರು ನಾನೊಬ್ಬನೇ ಇರಬೇಕು.

ಬೇಸಿಗೆಯಲ್ಲಿ ಚಿಗುರು ಬಂತು, ಹೂವಿಲ್ಲ. ಎರಡು ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಚಿಗುರಿನ ತುದಿಗಳಲ್ಲಿ ಹಸಿರು ಕಾಳುಗಳಂತೆ ಮೊಗ್ಗು ಕಂಡವು. ಅರಳುವವರೆಗೆ ತಡೆದುಕೊಂಡು, ಒಳಗೆ ಓಡಿ, "ಅವ್ವಾ, ಒಂದೀಟು ಹಿತ್ತಲಕ್ಕ ಬಾ" ಎಂದೆ. ಬಂದಳು. ನಾಲ್ಕು ಕಡ್ಡಿ ಇದ್ದಲ್ಲಿ ಒಂಬತ್ತು ಟೊಂಗೆ, ಏಳು ಗೊಂಚಲು. ನಾನು ಗಂಟಲು ಸರಿಮಾಡಿಕೊಂಡು, ಈ ಜಾತಿಯಲ್ಲಿ ಹೊಸ ಕಾಂಡದ ತುದಿಯ ಮೊಗ್ಗು ಎಂದು ಶುರುಮಾಡಿದೆ.

"ಅಂದ್ರ ನಾ ಸವರಿದ್ದು ತಪ್ಪಾಗಿಲ್ಲ ಅನ್ನು" ಎಂದಳು.

"ತಪ್ಪಾಗಿಲ್ಲವ್ವ. ನಂದ ತಪ್ಪು. ಅದಕ್ಕ ನೀ ಇಷ್ಟು ದಿನ ಹಿತ್ತಲಕ್ಕ ಬರೋದು ಬಿಟ್ಟಿ."

"ಏ ಹುಚ್ಚ, ಅದಕ್ಕಲ್ಲ. ಮೊಣಕಾಲು ನೋವಿತ್ತು, ಮೆಟ್ಟಲು ಇಳಿಯಾಕ ಆಗ್ತಿದ್ದಿಲ್ಲ."

ಗೋಡೆಯನ್ನೂ ಹಿಡಿಯದೆ ಈಗಷ್ಟೇ ಮೂರೂ ಮೆಟ್ಟಿಲು ಇಳಿದು ಬಂದವಳ ಮುಖ ನೋಡಿದೆ. ಅವಳು ಗೊಂಚಲು ನೋಡುತ್ತಿದ್ದಳು. ನನ್ನ ಕಣ್ಣು ತುಂಬಿ ಬಂತು. ಮೊಣಕಾಲಿಗೆ ಎಣ್ಣೆ ತರುತ್ತೇನೆ ಎಂದೆ, ತಾ ಎಂದಳು.

ಮೊನ್ನೆ ಗೊಂಚಲುಗಳು ಬಾಡಿದವು. ಅವ್ವ ಕುಡುಗೋಲು ಹಿಡಿದು ಬಂದು, "ಎಲ್ಲಿಗೆ ಕೊಯ್ಯಬೇಕು, ನೀ ಕಲಿತಾಂವ, ತೋರಿಸು" ಎಂದಳು. ನಾನು ಬಾಗಿ, ಬಾಡಿದ ಹೂವಿನ ಕೆಳಗಿನ ಮೊದಲ ಜೋಡಿ ಎಲೆಯ ಮೇಲೆ ಬೆರಳಿಟ್ಟೆ. ಅವ್ವ ತಲೆದೂಗಿ, ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಕಚಕ್ಕೆಂದು ಕೊಯ್ದು, "ಇಲ್ಲೇ ಅಲ್ಲೇನು ನೀ ಹೇಳಿದ್ದು?" ಎಂದು ಕೇಳಿದಳು.

"ಹೂಂನವ್ವ, ಅಲ್ಲೇ" ಎಂದೆ.