ಹಿನ್ನೀರಿನ ದಾರಿ ಬಲ್ಲವರು

ಲಕ್ಷ್ಮೀನರಸಿಂಹ ಆ ಭಾನುವಾರ ಪಟ್ಟ ಪಾಡಿಗೆಲ್ಲ ಮೂಲ ಕಾರಣ ಉದ್ದಿನ ವಡೆ.

ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ, ಮೈ ಬಗ್ಗಿಸಿ ಎಂದು ಡಾಕ್ಟರು ಹೇಳಿದ ದಿನವೇ ಹೆಂಡತಿ ಅಲಮೇಲು ಎಣ್ಣೆ ಬಾಣಲೆಯನ್ನು ಅಟ್ಟಕ್ಕೆ ಏರಿಸಿ, ಗಂಡನನ್ನು ಸೈಕಲ್ಲಿಗೆ ಏರಿಸಿದ್ದಳು. "ಕೆಆರ್‌ಎಸ್ ಹಿನ್ನೀರಿನ ಸುತ್ತ ಹಳ್ಳಿ ರಸ್ತೆಗಳು ಖಾಲಿ ಇರತ್ವಂತೆ. ಪ್ರತಿ ಭಾನುವಾರ ಒಂದು ಸುತ್ತು ಹಾಕ್ಕೊಂಡ್ ಬನ್ನಿ" ಎಂದು ಅಪ್ಪಣೆಯಾಯಿತು. ನರಸಿಂಹ ವಿಧೇಯನಾಗಿ ಹೊರಟ. ಆದರೆ ಮೇಟಗಳ್ಳಿ ದಾಟುವ ಮೊದಲೇ ಸಿದ್ದಲಿಂಗಸ್ವಾಮಿಯ ಹೋಟೆಲಿನಿಂದ ವಡೆ ಬೇಯುವ ವಾಸನೆ ಬಂತು. ಸೈಕಲ್ಲು ತಾನಾಗಿಯೇ ನಿಂತಿತು ಎಂದು ಅವನು ಇಂದಿಗೂ ಪ್ರಮಾಣ ಮಾಡಿ ಹೇಳುತ್ತಾನೆ.

ಅಂದಿನಿಂದ ಅವನ ಸೈಕಲ್ ಯಾತ್ರೆ ಎಂದರೆ ಮೇಟಗಳ್ಳಿಯವರೆಗೆ ಹೋಗುವುದು, ಎರಡು ವಡೆ ಸಾಂಬಾರಿನಲ್ಲಿ ಮುಳುಗಿಸಿ ತಿನ್ನುವುದು, ಪೇಪರ್ ಓದುವುದು, ಬಿಸಿಲೇರಿದ ಮೇಲೆ ಮುಖಕ್ಕೆ ನೀರು ಚಿಮುಕಿಸಿಕೊಂಡು ಬೆವರಿದವನಂತೆ ಮನೆ ಸೇರುವುದು. ನಡುವೆ ಇಂಟರ್‌ನೆಟ್ಟಿನಿಂದ ಒಂದು ಕೊಕ್ಕರೆಯ ಫೋಟೋ ಇಳಿಸಿ, 'ಹಿನ್ನೀರಿನ ಮೌನದ ಹಾದಿಯಲ್ಲಿ ಇಂದು' ಎಂದು ಬರೆದು, ಹೆಂಡತಿಗೂ ಆಫೀಸಿನ ವಾಟ್ಸಾಪ್ ಗುಂಪಿಗೂ ಕಳಿಸುತ್ತಿದ್ದ. ಅವನು ಕೆಲಸ ಮಾಡುತ್ತಿದ್ದ ಸಹಕಾರಿ ಬ್ಯಾಂಕಿನಲ್ಲಿ ಅವನಿಗೆ ದೊಡ್ಡ ಸವಾರ ಎಂಬ ಹೆಸರೇ ಬಂದುಬಿಟ್ಟಿತು.

ಹೀಗಿರುವಾಗ ಹೊಸ ಮ್ಯಾನೇಜರ್ ಸುಚಿತ್ರಾ ಮೇಡಂ ಬಂದರು. ಅವರು ನಿಜವಾದ ಸೈಕಲ್ ಸವಾರರು. ಪಕ್ಕದ ಟೇಬಲ್ಲಿನ ಯೋಗೇಂದ್ರ, ಯಾರೂ ಕೇಳದಿದ್ದರೂ, ಅವರ ಮುಂದೆ ಹೋಗಿ ನಿಂತ. "ನಮ್ ನರಸಿಂಹ ಸಾರ್‌ಗೆ ಹಿನ್ನೀರಿನ ಒಂದೊಂದು ಹಳ್ಳಿನೂ ಗೊತ್ತು ಮೇಡಂ. ಕಣ್ ಕಟ್ಟಿ ಬಿಟ್ರೂ ತಿರುಗಾಡ್ಕೊಂಡ್ ಬರ್ತಾರೆ."

"ಹೌದಾ! ಹಾಗಾದ್ರೆ ಈ ಭಾನುವಾರ ನಾನೂ ಬರ್ತೀನಿ" ಎಂದರು ಮೇಡಂ.

ಬೇರೆ ಸಮಯವಾಗಿದ್ದರೆ ನರಸಿಂಹ ಕಾಲು ಉಳುಕಿದೆ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಸೋಮವಾರ ವರ್ಗಾವಣೆಯ ಆದೇಶ ಹೊರಬೀಳುವುದಿತ್ತು. ಅವನು ಅಥವಾ ಯೋಗೇಂದ್ರ, ಇಬ್ಬರಲ್ಲಿ ಒಬ್ಬರು ಮೈಸೂರು ಬಿಟ್ಟು ಹೊರಡಬೇಕು. ಎಲ್ಲಿಗೆ ಎಂಬುದು ಗುಟ್ಟು, ಯಾರು ಎಂಬುದು ಮೇಡಂ ಕೈಯಲ್ಲಿ. ಮನೆಯಿಂದ ಬ್ಯಾಂಕಿಗೆ ನಡೆದೇ ಹೋಗಿ, ಮಧ್ಯಾಹ್ನ ಮನೆಗೆ ಬಂದು ಉಂಡು, ಒಂದು ಕಣ್ಣು ನಿದ್ದೆ ತೆಗೆದು ಹೋಗುವ ಸುಖವನ್ನು ಬಿಟ್ಟು ಅವನು ಬದುಕಲಾರ. ಮೇಡಂ ಖುಷಿಯಾದರೆ ಮೈಸೂರು ಉಳಿಯಿತು, ಬಂಡವಾಳ ಬಯಲಾದರೆ ಗಂಟುಮೂಟೆ ಕಟ್ಟಿದಂತೆಯೇ.

ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟರು. ಮೇಡಂ ಸೈಕಲ್ಲು ಸದ್ದಿಲ್ಲದೆ ಜಾರುತ್ತಿತ್ತು, ನರಸಿಂಹನದು ಮಾತ್ರ ಏದುಸಿರಿನ ಸದ್ದು. ಮೇಟಗಳ್ಳಿಯಲ್ಲಿ ತಲೆ ತಗ್ಗಿಸಿ ಪೆಡಲ್ ಒತ್ತಿದರೂ ಸಿದ್ದಲಿಂಗಸ್ವಾಮಿ ಬಿಡಲಿಲ್ಲ. "ಇದ್ಯಾಕ್ ಸಾ, ಇವತ್ತು ನಿಲ್ಲಿಸ್ದೇ ಹೊಂಟ್ಬುಟ್ರಿ?" ಎಂದು ಬೀದಿಗೇ ಬಂದು ಕೂಗಿದ.

"ಯಾರದು?" ಎಂದರು ಮೇಡಂ.

"ಈ ಕಡೆ ಎಲ್ಲಾ ನಮ್ಮವರೇ ಮೇಡಂ" ಎಂದ ನರಸಿಂಹ. ಮೇಡಂ ಮೆಚ್ಚಿಗೆಯಿಂದ ತಲೆದೂಗಿದರು.

ಇಲವಾಲ ದಾಟಿ ಹಳ್ಳಿ ರಸ್ತೆಗೆ ಹೊರಳುವವರೆಗೆ ಅವನು ಫೋನಿನ ಮ್ಯಾಪನ್ನು ಕದ್ದು ನೋಡುತ್ತಿದ್ದ. ಆಮೇಲೆ ಸಿಗ್ನಲ್ಲು ಕೈಕೊಟ್ಟಿತು. ಎಡಕ್ಕೊಂದು ರಸ್ತೆ, ಬಲಕ್ಕೊಂದು ರಸ್ತೆ. ಎರಡರಲ್ಲೂ ರಾಗಿ ಹೊಲ, ಎರಡರಲ್ಲೂ ಎಮ್ಮೆ. ಅಷ್ಟರಲ್ಲಿ ಮೇಡಂ ಯಾವುದೋ ಹಕ್ಕಿಯ ಫೋಟೋ ತೆಗೆಯಲು ಹಿಂದೆ ನಿಂತರು. ನರಸಿಂಹ ಅರಳಿಕಟ್ಟೆಯ ಮೇಲೆ ಕೂತಿದ್ದ ಬಿಳಿ ಪಂಚೆಯವನ ಹತ್ತಿರ ಓಡಿದ. ಅವನ ಹೆಸರು ನಿಂಗಯ್ಯ ಎಂದು ಆಮೇಲೆ ತಿಳಿಯಿತು.

"ಯಜಮಾನ್ರೇ, ನೀರಿನ ಪಕ್ಕದಲ್ಲಿ ಹೋಗೋಕೆ ದಾರಿ ಯಾವುದು?"

ನಿಂಗಯ್ಯ ಅವನ ಹೆಲ್ಮೆಟ್ಟು ನೋಡಿದ, ದೂರದಲ್ಲಿದ್ದ ಮೇಡಂ ಕಪ್ಪು ಕನ್ನಡಕ ನೋಡಿದ. ಭಾನುವಾರ ಪೇಟೆಯವರು ಹಿನ್ನೀರಿನ ಕಡೆ ಬರುವುದು ಯಾತಕ್ಕೆಂದು ಆ ಸೀಮೆಯಲ್ಲಿ ಹಸುಗೂಸಿಗೂ ಗೊತ್ತು. ಜಾಗ ಕೊಳ್ಳುವುದಕ್ಕೆ.

"ನೀರಿನ್ ಪಕ್ಕನೇ ಬೇಕಾ? ಐತೆ ಬುಡಿ. ಎಡಕ್ಕೋಗಿ, ಬೇವಿನ ಮರದತ್ರ ಮತ್ತೆ ಎಡಕ್ಕೆ. ಅಂಗೇ ಓಗ್ತಾ ಇರಿ, ಅಲ್ಲಿ ನಮ್ ಭಾವ ಅವ್ನೆ, ಎಲ್ಲಾ ತೋರುಸ್ತಾನೆ."

ಭಾವ ಯಾಕೆ ತೋರಿಸಬೇಕು ಎಂದು ನರಸಿಂಹನಿಗೆ ಅರ್ಥವಾಗಲಿಲ್ಲ. ಎಡಕ್ಕೆ ಹೋದರೆ ರಸ್ತೆ ಸಣ್ಣದಾಯಿತು, ಆಮೇಲೆ ಕಾಲುದಾರಿಯಾಯಿತು, ಕೊನೆಗೆ ಒಂದು ಬಯಲಿನಲ್ಲಿ ಮುಗಿದೇಹೋಯಿತು. ಬಯಲಿನ ತುಂಬ ಬಿಳಿ ಬಣ್ಣ ಬಳಿದ ಕಲ್ಲು ನೆಟ್ಟಿದ್ದರು. ಭಾವ ಕೈಮುಗಿದು, "ಮೂಡಣ ಬಾಕ್ಲು ಇಡ್ಬೋದು ಸಾ. ಗಾಳಿ ನೋಡಿ, ಎಂಗ್ ಬೀಸ್ತದೆ!" ಎಂದ. ನೀರು ಎಲ್ಲಿ ಎಂದರೆ ಕೈಪಂಪು ತೋರಿಸಿದ.

ಅವನಿಂದ ಬಿಡಿಸಿಕೊಂಡು ಬರುವಾಗ ಹುಲ್ಲು ಹೊತ್ತ ಬಸಮ್ಮ ಎದುರಾದಳು. "ನಿಂಗಯ್ಯನ್ ಮಾತ್ ಕೇಳುದ್ರಾ? ಅವ್ನ್ ಜಾಗದಲ್ಲಿ ಬರೀ ಬಂಡೆ ಕಣಪ್ಪ. ಈ ಕಡೆ ಬಲಕ್ಕೋಗಿ, ಹುಣಸೆ ಮರ ಸಿಕ್ತದೆ, ನೀರು ಅಲ್ಲೇ ಕಾಲ್ ಕೆಳಗೆ" ಎಂದಳು. ಆ ಹುಣಸೆ ಮರ ಅವಳದೇ ಹೊಲದ್ದು. ದಾರಿಯ ನಡುವೆ ಮತ್ತೊಬ್ಬ ಸಿಕ್ಕಿ, ಬಸಮ್ಮನ ಹೊಲಕ್ಕೆ ಹೋಗಬೇಡಿ, ನಮ್ಮ ತೋಟಕ್ಕೆ ಹೋಗಿ ಎಂದು ಇನ್ನೊಂದು ಕಡೆಗೆ ತಿರುಗಿಸಿದ. ಕೇಳಿದವರೆಲ್ಲ ದಾರಿ ಹೇಳಿದರು, ಪ್ರತಿಯೊಬ್ಬರ ದಾರಿಯೂ ಅವರವರ ಹೊಲಕ್ಕೇ ಹೋಯಿತು. ಪುಣ್ಯಕ್ಕೆ ಮೇಡಂ ಆಗೆಲ್ಲ ಹಕ್ಕಿಗಳ ಫೋಟೋ ತೆಗೆಯುತ್ತ ಹಿಂದೆಯೇ ಉಳಿಯುತ್ತಿದ್ದರು. ನರಸಿಂಹನಿಗೆ ಮೂಡಣ ಯಾವುದು ಪಡುವಣ ಯಾವುದು ತಿಳಿಯದಾಯಿತು. ಇದ್ದಕ್ಕಿದ್ದಂತೆ ಎದುರಿಗೆ ಅದೇ ಅರಳಿಕಟ್ಟೆ, ಅದೇ ಪಂಚೆ.

"ಏನ್ ಸೋಮಿ, ಮನಸಾಯ್ತಾ?" ಎಂದ ನಿಂಗಯ್ಯ ಹಳೆಯ ಸ್ನೇಹಿತನಂತೆ.

"ಇಲ್ಲಿಗೆ ಆಗಲೇ ಬಂದಿದ್ವಲ್ವಾ?" ಎಂದರು ಮೇಡಂ.

ನರಸಿಂಹ ಬಾಯಿಗೆ ಬಂದದ್ದನ್ನು ಹೇಳಿದ. "ಅದೇ ಈ ದಾರಿಯ ವಿಶೇಷ ಮೇಡಂ. ದಾಸವಾಳದ ಎಸಳಿನ ಹಾಗೆ. ಒಂದೊಂದು ಎಸಳು ಸುತ್ತಿ ಮತ್ತೆ ಕಟ್ಟೆಗೆ ಬರ್ತೀವಿ."

"ವಾಹ್!" ಎಂದರು ಮೇಡಂ, ಮತ್ತು ಮುಂದಿನ ಎಸಳಿಗೆ ಹೊರಟೇಬಿಟ್ಟರು.

ಮೂರನೆಯ ಸಲ ಕಟ್ಟೆಗೆ ಬರುವಷ್ಟರಲ್ಲಿ ಇಷ್ಟು ಆಸಕ್ತಿಯಿಂದ ಜಾಗ ನೋಡುವ ಗಿರಾಕಿ ಸಿಕ್ಕಿದ್ದಾನೆಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಹತ್ತಾರು ಜನ ಕಾದಿದ್ದರು. "ಸೋಮಿ, ನಮ್ಮನೇಗ್ ಬನ್ನಿ" ಎಂದು ಒಬ್ಬ ತೋಳು ಹಿಡಿದ, "ನಮ್ಮನೇಗೆ ಮೊದ್ಲು" ಎಂದು ಇನ್ನೊಬ್ಬ ಹ್ಯಾಂಡಲ್ ಹಿಡಿದ. ನಿಂಗಯ್ಯ ಮಜ್ಜಿಗೆ ತಂದ. ಬಸಮ್ಮ ಸೈಕಲ್ಲಿನ ಹಿಂದೆ ಒಂದು ಕುಂಬಳಕಾಯಿ ಬಿಗಿದಳು. ಮೇಡಂ ಅಷ್ಟು ದೂರದಲ್ಲಿ ನಿಂತು ಇದನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದರು. ಮಾತು ಅವರಿಗೆ ಕೇಳಿಸುತ್ತಿರಲಿಲ್ಲ, ದೇವರು ದೊಡ್ಡವನು.

ಕೊನೆಗೆ ಬಸಮ್ಮನೇ ಮುಂದೆ ನಡೆದು ಹುಣಸೆ ಮರದ ಬುಡಕ್ಕೆ ಕರೆದೊಯ್ದಳು. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಕಾಲ ಕೆಳಗೇ ಹಿನ್ನೀರು ಆಕಾಶದಷ್ಟು ಅಗಲಕ್ಕೆ ಮಲಗಿತ್ತು, ಒಂದು ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ಇಷ್ಟು ದಿನ ಇಂಟರ್‌ನೆಟ್ಟಿನ ಕೊಕ್ಕರೆಯನ್ನೇ ಕಳಿಸುತ್ತಿದ್ದ ನರಸಿಂಹನಿಗೆ ಒಂದು ಕ್ಷಣ ನಾಚಿಕೆಯಾಯಿತು, ಸಂತೋಷವೂ ಆಯಿತು.

"ಈ ಜಾಗ ಯಾವ ಮ್ಯಾಪಲ್ಲೂ ಇಲ್ಲ ನರಸಿಂಹ ಅವ್ರೇ" ಎಂದರು ಮೇಡಂ. ಇರುವುದಾದರೂ ಹೇಗೆ, ಅದು ಹೊಲದ ಬದು.

ಹಿಂತಿರುಗಲು ದಾರಿ ತಿಳಿಯದೆ ಅವನು ಹಾಲಿನ ವ್ಯಾನೊಂದರ ಬೆನ್ನು ಹಿಡಿದು ಮುಖ್ಯರಸ್ತೆ ಮುಟ್ಟಿದ. ಮೈಯೆಲ್ಲ ನುಗ್ಗಾಗಿತ್ತು, ಆದರೆ ಮನಸ್ಸು ಕುಣಿಯುತ್ತಿತ್ತು. ಮಾನ ಉಳಿಯಿತು, ಮೈಸೂರು ಉಳಿಯಿತು, ಯೋಗೇಂದ್ರ ಪೆಟ್ಟಿಗೆ ಕಟ್ಟಲಿ ಎಂದುಕೊಂಡ. ರಿಂಗ್ ರೋಡಿನಲ್ಲಿ ಎಳನೀರು ಕುಡಿಯುತ್ತ ಮೇಡಂ ಮಾತು ತೆಗೆದರು.

"ನಿಮ್ಮ ವಿಷಯದಲ್ಲಿ ನನಗೊಂದು ಅನುಮಾನ ಇತ್ತು. ಇವತ್ತು ಪರಿಹಾರ ಆಯ್ತು."

ನರಸಿಂಹ ಎಳನೀರಿನ ಸ್ಟ್ರಾ ಕಚ್ಚಿಕೊಂಡೇ ನಿಂತ.

"ನಾವು ಸುತ್ತಿದ ಆ ಊರಲ್ಲೇ ಬ್ಯಾಂಕಿನ ಹೊಸ ಶಾಖೆ ತೆರೀತಿದೀವಿ. ಪಟ್ಟಿಯಲ್ಲಿ ಮೊದಲು ಯೋಗೇಂದ್ರ ಹೆಸರಿತ್ತು, ಅವರಿಗೆ ಗುಟ್ಟಾಗಿ ತಿಳಿಸಿದ್ದೆ. 'ನನ್ನನ್ನು ಅಲ್ಲಿ ಯಾರೂ ಮೂಸಿ ನೋಡಲ್ಲ ಮೇಡಂ, ನರಸಿಂಹ ಸಾರ್ ಅಂದ್ರೆ ಹಳ್ಳಿಗೆ ಹಳ್ಳಿಯೇ ಎದ್ದು ಬರತ್ತೆ, ಬೇಕಾದ್ರೆ ಅವರ ಜೊತೆ ಒಂದು ಸಲ ಹೋಗಿ ನೋಡಿ' ಅಂದ್ರು. ನಾನು ನಂಬಿರಲಿಲ್ಲ. ಇವತ್ತು ಕಣ್ಣಾರೆ ನೋಡ್ದೆ. ನಿಮ್ಮನ್ನ ಬಿಟ್ರೆ ಆ ಊರಿಗೆ ಬೇರೆ ಯಾರೂ ಸರಿಹೋಗಲ್ಲ."

ನರಸಿಂಹ ಬಾಯಿ ತೆರೆದ. ನನಗೆ ಆ ಊರು ಗೊತ್ತಿಲ್ಲ ಎಂದರೆ ಇಷ್ಟು ದಿನದ ಕೊಕ್ಕರೆಗಳಿಗೆಲ್ಲ ಲೆಕ್ಕ ಕೊಡಬೇಕು. ಗೊತ್ತು ಎಂದರೆ ಹೋಗಲೇಬೇಕು. ತೆರೆದ ಬಾಯಿಗೆ ಉಳಿದ ಎಳನೀರನ್ನು ಸುರಿದುಕೊಂಡ.

"ನಾಳೆಯೇ ಅಲ್ಲಿ ಹಾಜರಾಗಿ. ನಿಮಗೇನು, ಸೈಕಲ್ಲಲ್ಲೇ ಹೋಗ್ಬಿಡಬಹುದು" ಎಂದು ಮೇಡಂ ಬೆನ್ನು ತಟ್ಟಿ ಹೊರಟುಹೋದರು.

ಮನೆಯಲ್ಲಿ ಅಲಮೇಲು ಸಂಗತಿಯನ್ನೆಲ್ಲ ಕೇಳಿದಳು. ವಡೆಯ ವಿಷಯ ಬಯಲಾದಾಗ ಅವಳು ಅವನನ್ನು ನೋಡಿದ ನೋಟ ಹೇಗಿತ್ತೆಂದು ಇಲ್ಲಿ ಬರೆಯುವುದು ಬೇಡ. ಆದರೆ ಅಳುತ್ತ ಕೂತ ಗಂಡನನ್ನು ಕಂಡು ಕೊನೆಗೆ ಅವಳ ಮನಸ್ಸೂ ಕರಗಿತು.

"ಆ ಊರಿನ ಹೆಸರೇನು ರೀ?"

ನರಸಿಂಹ ಯೋಚಿಸಿದ. ಅಷ್ಟು ಸಲ ಸುತ್ತಿದರೂ ಹೆಸರು ಕೇಳಿರಲಿಲ್ಲ. ಅವನಿಗೆ ಗೊತ್ತೇ ಇದೆಯೆಂದುಕೊಂಡು ಮೇಡಂ ಅಂತೂ ಹೆಸರು ಹೇಳಿರಲಿಲ್ಲ.

"ಅಯ್ಯೋ, ಅದಕ್ಯಾಕೆ ಅಷ್ಟು ಯೋಚನೆ" ಎಂದಳು ಅಲಮೇಲು, ನಾಳಿನ ಡಬ್ಬಿಗೆ ಓಟ್ಸ್ ಅಳೆಯುತ್ತ. "ಬೆಳಿಗ್ಗೆ ಬೇಗ ಹೊರಡಿ. ಹಳ್ಳಿಯವರು ಒಳ್ಳೆಯವರಂತೆ, ದಾರಿಯಲ್ಲಿ ಯಾರನ್ನಾದ್ರೂ ಕೇಳಿದ್ರೆ ಹೇಳ್ತಾರೆ."